ಆರು ಕಾರ್ಡ್, ದೋಷ ಇಲ್ಲ

ಕಾರ್ಡ್‌ಗಳಲ್ಲಿ ದೋಷವಿದೆ ಎಂದು ನಾನು ಬರೆದುಕೊಡಲಿಲ್ಲ. ಇಂದು ಕೇಳಿದರೂ ಬರೆದುಕೊಡುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಆ ವರ್ಷದ ವಿಷಯ ಎತ್ತಿದವರೆಲ್ಲ ಕೊನೆಗೆ ಕೇಳುವುದು ಒಂದೇ ಪ್ರಶ್ನೆ: "ಒಂದು ಸಾಲು ತಾನೇ, ಬರೆದುಕೊಟ್ಟಿದ್ದರೆ ಏನಾಗುತ್ತಿತ್ತು?"

2005ರ ಡೈರಿ ಎದುರಿಗಿದೆ. ನೀಲಿ ರಟ್ಟು, ದಿನಕ್ಕೊಂದು ಪುಟ. ಎಡಗಡೆ ಸಮಯ, ಬಲಗಡೆ ಎಣಿಕೆ. ಹೈಸ್ಕೂಲಿನಿಂದ ನನಗೆ ಅದೇ ಅಭ್ಯಾಸ. ಬಸವನಗುಡಿಯ ಮನೆಯಿಂದ ಚಾಮರಾಜಪೇಟೆಯ ಕಚೇರಿಗೆ ನಡೆದು ಹೋಗಲು ಎಷ್ಟು ನಿಮಿಷ ಹಿಡಿಯಿತು ಎನ್ನುವುದೂ ಅದರಲ್ಲಿದೆ. ಡಿಪ್ಲೊಮಾ ಮುಗಿಸಿ ಸೇರಿದ ಮೊದಲ ಕೆಲಸ. ಒಂದು ವರ್ಷ ಪ್ರೊಬೇಷನ್. ದೀಪಾವಳಿಗೆ ಕೆಲಸ ಕಾಯಂ ಆಗಬೇಕಿತ್ತು.

ಅದೊಂದು ಪ್ರಿ-ಪ್ರೆಸ್ ಕಚೇರಿ. ಅಚ್ಚಿಗೆ ಹೋಗುವ ಮೊದಲು ಪುಟ, ಚಿತ್ರ, ಬಣ್ಣ ಎಲ್ಲವನ್ನೂ ಸಿದ್ಧಪಡಿಸುವ ಜಾಗ. ಮಾಲೀಕರ ತಂದೆಯ ಕಾಲದಲ್ಲಿ ಅಲ್ಲಿ ಸೀಸದ ಅಚ್ಚುಮೊಳೆ ಜೋಡಿಸುತ್ತಿದ್ದರಂತೆ. ನಾನು ಸೇರುವ ಹೊತ್ತಿಗೆ ಹನ್ನೊಂದು ಜನ ಕಲಾವಿದರು ಹನ್ನೊಂದು ಕಂಪ್ಯೂಟರ್ ಮುಂದೆ ಕೂತು ಮದುವೆ ಕಾರ್ಡಿನಿಂದ ಹಿಡಿದು ಗೋಡೆ ಕ್ಯಾಲೆಂಡರಿನವರೆಗೆ ಎಲ್ಲ ಮಾಡುತ್ತಿದ್ದರು. ಫೈಲುಗಳು ಮೂರು ಸರ್ವರ್‌ಗಳಲ್ಲಿ ಚೆದುರಿ ಹೋಗಿದ್ದವು. "ಕ್ಯಾಲೆಂಡರ್ ಲಕ್ಷ್ಮಿ ಯಾವುದ್ರಲ್ಲಿದಾಳೆ? ಎರಡ್ರಲ್ಲಾ ಮೂರ್ರಲ್ಲಾ?" ಎಂದು ಕೂಗದ ದಿನವಿರಲಿಲ್ಲ. ಜೂನ್ ತಿಂಗಳಲ್ಲಿ ಇಂತಹ ಕೂಗು ಎಷ್ಟು ಸಲ ಕೇಳಿಸಿತು ಎಂದು ಎಣಿಸಿ ಮಾಲೀಕರಿಗೆ ಕೊಟ್ಟೆ. ನಕ್ಕರು. ಆದರೆ ಚೀಟಿಯನ್ನು ಜೇಬಿಗೆ ಹಾಕಿಕೊಂಡರು.

ಜುಲೈನಲ್ಲಿ ತೀರ್ಮಾನವಾಯಿತು. ಮೂರು ಸರ್ವರ್‌ಗಳಿಗೂ ಸೇರಿ ಒಂದೇ ದೊಡ್ಡ ಡಿಸ್ಕ್ ಪೆಟ್ಟಿಗೆ ತರುವುದು, ಎಲ್ಲ ಫೈಲುಗಳನ್ನೂ ಅದರಲ್ಲೇ ಇಡುವುದು. ಇದಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್ ಎಂದು ಹೆಸರು. ಪೆಟ್ಟಿಗೆಯನ್ನು ಮಾಲೀಕರೂ ನಮ್ಮ ವಿಭಾಗದ ಮುಖ್ಯಸ್ಥರೂ ಸೇರಿ ಆರಿಸಿದರು. ಸರ್ವರ್ ಒಳಗೆ ಕೂತು ಪೆಟ್ಟಿಗೆಯ ಜೊತೆ ಮಾತಾಡುವ ಕಾರ್ಡ್, ಅಂದರೆ ಹೋಸ್ಟ್ ಅಡಾಪ್ಟರ್, ಯಾರಿಗೂ ಮುಖ್ಯ ಅನ್ನಿಸಲಿಲ್ಲ. ಅಂಗೈ ಅಗಲದ ಹಸಿರು ಹಲಗೆ, ಹಿಂಬದಿಯಲ್ಲಿ ಒಂದು ಕಿಂಡಿ, ಕಿಂಡಿಗೆ ಬೆಳಕು ಹರಿಯುವ ಕೇಬಲ್. "ಕಾರ್ಡ್ ತಾನೇ, ನೀನೇ ಒಂದು ಲಿಸ್ಟ್ ಮಾಡ್ಕೊಡಮ್ಮ" ಎಂದರು ಮುಖ್ಯಸ್ಥರು. ಒಂದು ಮಧ್ಯಾಹ್ನದಲ್ಲಿ ಮುಗಿಯುವ ಕೆಲಸ ಎಂದುಕೊಂಡಿದ್ದರು. ನಾನು ಐದು ವಾರ ತೆಗೆದುಕೊಂಡೆ.

ಮೊದಲ ಪ್ರಶ್ನೆ, ಬೆಳಕಿನ ಕೇಬಲ್ ಬೇಕೇ, ಇಲ್ಲ ಸಾಮಾನ್ಯ ನೆಟ್‌ವರ್ಕ್ ಕಾರ್ಡೇ ಸಾಕೇ. ಸಾಮಾನ್ಯ ಕಾರ್ಡ್ ಅಗ್ಗ. ಡಿಸ್ಕಿನ ಕೆಲಸವನ್ನೂ ಅದೇ ತಂತಿಯಲ್ಲಿ ಕಳಿಸಬಹುದು. ಆದರೆ ಫೈಲನ್ನು ತುಂಡು ಮಾಡಿ ಕಟ್ಟಿ ಕಳಿಸುವ, ಬಿಚ್ಚಿ ಓದುವ ಶ್ರಮವೆಲ್ಲ ಸರ್ವರಿನ ತಲೆಯ ಮೇಲೆ. ಅದು ಎಷ್ಟು ಶ್ರಮ ಎಂದು ಯಾವ ಕಂಪನಿಯ ಹಾಳೆಯೂ ನಮ್ಮ ಕಚೇರಿಯ ಲೆಕ್ಕದಲ್ಲಿ ಹೇಳುವುದಿಲ್ಲ. ಅದಕ್ಕೇ ಎರವಲು ಪೆಟ್ಟಿಗೆ, ಎರವಲು ಕಾರ್ಡ್ ತರಿಸಿ ನಾನೇ ಪರೀಕ್ಷೆ ಮಾಡಿದೆ. ಪರೀಕ್ಷೆಗೆ ಒಂದೇ ಫೈಲು: ಹಿಂದಿನ ವರ್ಷದ ಕ್ಯಾಲೆಂಡರಿನ ಲಕ್ಷ್ಮಿ. ಕಮಲದ ಒಂದೊಂದು ದಳವೂ ಬೇರೆ ಪದರದಲ್ಲಿದ್ದ, ಕಚೇರಿಯಲ್ಲೇ ಅತಿ ಭಾರದ ಫೈಲು. ಒಬ್ಬರು ತೆರೆದರೆ ಎಷ್ಟು ಹೊತ್ತು, ಹನ್ನೊಂದು ಜನ ಒಟ್ಟಿಗೆ ತೆರೆದರೆ ಎಷ್ಟು ಹೊತ್ತು. ಪ್ರತಿ ಕಾರ್ಡಿಗೂ ಹನ್ನೆರಡು ಸಲ.

ಒಟ್ಟಿಗೆ ತೆರೆಸುವುದೇ ದೊಡ್ಡ ಕಷ್ಟ. ನಾನು ಮಧ್ಯದಲ್ಲಿ ನಿಂತು ಚಪ್ಪಾಳೆ ತಟ್ಟಬೇಕು, ಅವರು ಆಗಲೇ ಕ್ಲಿಕ್ ಮಾಡಬೇಕು.

"ಏನ್ ಮೇಡಂ, ರನ್ನಿಂಗ್ ರೇಸಾ? ಪ್ರೈಜ್ ಏನು?" ಎಂದ ಕಿಟಕಿ ಪಕ್ಕದ ಕಲಾವಿದ. ಲಕ್ಷ್ಮಿಯನ್ನು ಬಿಡಿಸಿದವನು ಅವನೇ.

"ಚಪ್ಪಾಳೆಗಿಂತ ಮುಂಚೆ ಒತ್ತಿದ್ರೆ ಇನ್ನೊಂದು ಸಲ ಮಾಡ್ಬೇಕಾಗುತ್ತೆ. ಅದೇ ಪ್ರೈಜು."

"ಮಗಾ, ಒತ್ಬೇಡ್ವೋ! ಊಟಕ್ಕೆ ಬಿಡಲ್ಲ ಇವ್ರು!" ಎಂದು ಅವನು ಪಕ್ಕದವನಿಗೆ ಕೂಗಿದ.

ಸಾಮಾನ್ಯ ಕಾರ್ಡ್ ಒಬ್ಬರಿಗೆ ಚೆನ್ನಾಗಿಯೇ ಓಡಿತು. ಹನ್ನೊಂದು ಜನಕ್ಕೆ ಸರ್ವರ್ ಏದುಸಿರು ಬಿಟ್ಟಿತು. ಹನ್ನೆರಡರಲ್ಲಿ ಏಳು ಸಲ ಯಾರದೋ ಒಂದು ಪರದೆ ಅರ್ಧ ಲಕ್ಷ್ಮಿಯಲ್ಲೇ ನಿಂತಿತು. ಬೆಳಕಿನ ಕೇಬಲ್ಲಿನ ಕಾರ್ಡಿನಲ್ಲಿ ಒಂದು ಸಲವೂ ನಿಲ್ಲಲಿಲ್ಲ. ಬೆಳಕಿನದೇ ಬೇಕು ಎಂದು ಬರೆದೆ. ಇದಕ್ಕೆ ಯಾರ ತಕರಾರೂ ಇರಲಿಲ್ಲ.

ತಕರಾರು ಬಂದದ್ದು ಎರಡನೇ ಪ್ರಶ್ನೆಯಲ್ಲಿ. ಪ್ರತಿ ಸರ್ವರಿನಿಂದ ಪೆಟ್ಟಿಗೆಗೆ ಎರಡು ದಾರಿ ಇರಬೇಕು. ಒಂದು ಮುಚ್ಚಿದರೆ ಇನ್ನೊಂದು ನಡೆಯಬೇಕು. ಇದನ್ನು ಎಲ್ಲರೂ ಒಪ್ಪಿದ್ದರು. ಕಾರ್ಡ್ ಮಾರಲು ಬಂದವರು ಎರಡು ಕಿಂಡಿಯಿರುವ ಒಂದೇ ಕಾರ್ಡ್ ತೋರಿಸಿದರು. ತೆಳುವಾದ ಮೀಸೆ, ದಪ್ಪನೆಯ ಫೈಲು.

"ಎರಡು ಪೋರ್ಟ್ ಇದೆಯಲ್ಲಾ ಮೇಡಂ. ಎರಡು ದಾರಿ ಆಯ್ತಲ್ಲ."

"ಕಾರ್ಡೇ ಸತ್ತರೆ?"

"ಕಾರ್ಡ್ ಯಾಕೆ ಸಾಯುತ್ತೆ?"

"ನೀವು ವಾರಂಟಿ ಯಾಕೆ ಕೊಡ್ತೀರಾ?"

ಮುಖ್ಯಸ್ಥರು ಕೆಮ್ಮಿದರು. ನಾನು ಪ್ರತಿ ಸರ್ವರಿಗೂ ಒಂದೇ ಕಿಂಡಿಯ ಎರಡು ಒಂಟಿ ಕಾರ್ಡ್ ಕೇಳಿದೆ, ಒಂದರ ಮೇಲೊಂದರಂತೆ ಎರಡು ಬೇರೆ ಸ್ಲಾಟಿನಲ್ಲಿ, ಅಂದರೆ ಕಾರ್ಡ್ ಕೂರುವ ಸಂದಿನಲ್ಲಿ. ಜೊತೆಗೆ ಇನ್ನೊಂದು ಮಾತೂ ಹೇಳಿದೆ. ಅವರ ಜೋಡಿ ಕಾರ್ಡ್ ಹೊಸ ಬಗೆಯ ಚಿಕ್ಕ ಸ್ಲಾಟಿಗೆ ಮಾಡಿದ್ದು. ನಮ್ಮ ಮೂರನೇ ಸರ್ವರ್ ಹಳೆಯದು, ಅದರಲ್ಲಿರುವುದು ಹಳೆಯ ಉದ್ದನೆಯ ಸ್ಲಾಟ್ ಮಾತ್ರ.

"ಶೀಟ್‌ನಲ್ಲಿ ಕಂಪ್ಯಾಟಿಬಲ್ ಅಂತಿದೆ" ಎಂದರು ಮುಖ್ಯಸ್ಥರು.

"ಶೀಟ್ ಮಾಡಿದವ್ರು ನಮ್ಮ ಸರ್ವರ್ ಮುಚ್ಚಳ ಬಿಚ್ಚಿಲ್ಲ ಸಾರ್. ನಾನು ಬಿಚ್ಚಿದೀನಿ. ಬನ್ನಿ, ತೋರಿಸ್ತೀನಿ."

ಬಂದು ನೋಡಿದರು. ಮಾರುವವರು ಕಾರ್ಡನ್ನು ಸ್ಲಾಟಿನ ಮೇಲೆ ಹಿಡಿದು ಆ ಕಡೆ ಈ ಕಡೆ ತಿರುಗಿಸಿದರು. "ಹಾಗಾದ್ರೆ ಈ ಸರ್ವರ್ ಬದಲಾಯಿಸಿಬಿಡಿ" ಎಂದರು. ನನಗೆ ನಗು ಬಂತು, ನಕ್ಕೆ. ನಗಬಾರದಿತ್ತು ಎಂದು ಆಮೇಲೆ ಮುಖ್ಯಸ್ಥರು ಹೇಳಿದರು. ನಕ್ಕಿದ್ದನ್ನೂ ಡೈರಿಯಲ್ಲಿ ಬರೆದಿದ್ದೇನೆ, ಪಶ್ಚಾತ್ತಾಪದ ಕಾಲಂನಲ್ಲಿ ಅಲ್ಲ.

ಮಾಲೀಕರು ನನ್ನ ಪಟ್ಟಿಗೇ ಸಹಿ ಹಾಕಿದರು. ಆರು ಒಂಟಿ ಕಾರ್ಡ್: ನಾಲ್ಕು ಚಿಕ್ಕ ಸ್ಲಾಟಿನವು, ಎರಡು ಉದ್ದನೆಯವು. ಕೇಬಲ್ಲುಗಳನ್ನೆಲ್ಲ ಪೆಟ್ಟಿಗೆಗೆ ಕೂಡಿಸುವ, ನಡುವೆ ಇರುವ ಸ್ವಿಚ್ಚೂ ಎರಡಿರಲಿ ಎಂದು ಕೇಳಿದ್ದೆ, ಅದನ್ನು ಮಾತ್ರ ಹೊಡೆದು ಹಾಕಿದರು. ಪಟ್ಟಿಯ ಕೆಳಗೆ "ಆಯ್ಕೆ ಮಾಡಿದವರು" ಎಂಬ ಜಾಗದಲ್ಲಿ ಮುಖ್ಯಸ್ಥರು ಸಹಿ ಮಾಡಲಿಲ್ಲ. "ನಿಂದೇ ಆಯ್ಕೆ, ನೀನೇ ಹಾಕು" ಎಂದರು. ಹಾಕಿದೆ. ಗಣೇಶ ಹಬ್ಬ ಮುಗಿದ ಮೇಲೆ ಕಾರ್ಡ್‌ಗಳು ಬಂದವು, ನಾನೇ ಕೂರಿಸಿದೆ. ಆಯುಧಪೂಜೆಯವರೆಗಿನ ಅಷ್ಟೂ ದಿನ ಡೈರಿಯ ಬಲಗಡೆ ಒಂದೇ ಅಂಕಿ: ದಾರಿ ತಪ್ಪಿದ್ದು, ಸೊನ್ನೆ.

ಆಯುಧಪೂಜೆ ಮಾಡುತ್ತಿದ್ದವರು ಮಾಲೀಕರ ತಾಯಿ. ಮನೆ ಮಹಡಿಯ ಮೇಲೆ, ಕಚೇರಿ ಕೆಳಗೆ. ಮೊಳೆಯ ಕಾಲದಿಂದಲೂ ಅವರದೇ ಪೂಜೆ, ಅದಕ್ಕೊಂದು ಕ್ರಮ. ಪ್ರತಿ ಯಂತ್ರದ ಹಣೆಗೆ ಒಂದು ಬೊಟ್ಟು, ಬಾಯಿಗೆ ಒಂದು ಬೊಟ್ಟು. ಬಾಯಿ ಎಂದರೆ ಕಾಗದ ಒಳಗೆ ಹೋಗುವ ಜಾಗ. ಅವರ ಯಜಮಾನರ ಬಲಗೈಯ ಎರಡು ಬೆರಳ ತುದಿ ಕಾಲಿನಿಂದ ತುಳಿಯುವ ಟ್ರೆಡಲ್ ಅಚ್ಚುಯಂತ್ರದ ಬಾಯಿಗೆ ಹೋಗಿದ್ದವಂತೆ. ಅಂದಿನಿಂದ ಬಾಯಿಗೆ ಬೊಟ್ಟು ತಪ್ಪಿಲ್ಲ. ಕಂಪ್ಯೂಟರ್ ಬಂದ ಮೇಲೆ ಬಾಯಿ ಸಿಗದೆ ಹಣೆಗೆ ಮಾತ್ರ ಇಟ್ಟು ಸುಮ್ಮನಾಗುತ್ತಿದ್ದರು. ಅದು ಅವರ ಮನಸ್ಸಿನಲ್ಲಿ ಚುಚ್ಚುತ್ತಿತ್ತೆಂದು ನನಗೆ ಆ ದಿನ ಗೊತ್ತಾಯಿತು.

ಪೂಜೆಗೆಂದು ಎಲ್ಲ ಯಂತ್ರಗಳನ್ನೂ ಆಫ್ ಮಾಡಿದ್ದೆವು. ನಾನು ಅರಿಶಿನದ ಬಟ್ಟಲು ಹಿಡಿದು ಅವರ ಹಿಂದೆಯೇ ಇದ್ದೆ, ಬೊಟ್ಟು ಎಣಿಸುತ್ತ. ಸರ್ವರ್‌ಗಳ ಮುಂದೆ ನಿಂತು ಅವರು ಕೇಳಿದರು:

"ಇದಕ್ಕೆ ಬಾಯಿ ಎಲ್ಲಿದೆಯೇ?"

ಆ ಪ್ರಶ್ನೆಗೆ ಅಷ್ಟು ವರ್ಷದಲ್ಲಿ ಯಾರೂ ಅವರಿಗೆ ಉತ್ತರ ಕೊಟ್ಟಿರಲಿಲ್ಲವಂತೆ. ನನ್ನ ಹತ್ತಿರ ಉತ್ತರವಿತ್ತು. ಐದು ವಾರ ಒದ್ದಾಡಿ ಆರಿಸಿದ ಆರು ಉತ್ತರ. ಹಿಂದಕ್ಕೆ ಕರೆದುಕೊಂಡು ಹೋಗಿ ಮೇಲಿನ ಕಾರ್ಡಿನ ಕೇಬಲ್ ಎಳೆದು ತೋರಿಸಿದೆ. "ಇಲ್ನೋಡಿ ಅಮ್ಮ. ಎಲ್ಲ ಇದ್ರಲ್ಲೇ ಒಳಗೆ ಹೋಗೋದು, ಇದ್ರಲ್ಲೇ ಹೊರಗೆ ಬರೋದು. ನಾನೇ ಆರಿಸಿದ್ದು."

"ಹಾಗಾದ್ರೆ ಇದೇ ಬಾಯಿ" ಎಂದು ಉಂಗುರದ ಬೆರಳಿನಿಂದ ಕೇಬಲ್ಲಿನ ತುದಿಗೆ ಅರಿಶಿನ, ಮೇಲೆ ಕುಂಕುಮ ಇಟ್ಟರು. ಮೂರು ಸರ್ವರಿಗೂ ಮೂರು. ಕೆಳಗಿನ ಕಾರ್ಡುಗಳಿಗೆ ಬಗ್ಗಲು ಅವರ ಮಂಡಿ ಬಿಡಲಿಲ್ಲ. "ಮೇಲಿಂದಕ್ಕೆ ಇಟ್ರೆ ಕೆಳಗಿಂದಕ್ಕೂ ಸೇರುತ್ತೆ ಬಿಡು." ನಾನು ಕರ್ಚೀಫಿನಿಂದ ತುದಿಗಳನ್ನು ಒರೆಸಿ ಮತ್ತೆ ಚುಚ್ಚಿದೆ. ಆ ದಿನದ ಪುಟದ ಬಲಗಡೆ ಹೀಗಿದೆ: ಪರದೆ 11, ಸ್ಕ್ಯಾನರ್ 2, ಹಳೆಯ ಕ್ಯಾಮೆರಾ 1, ಸರ್ವರ್ 3, ಪೆಟ್ಟಿಗೆ 1, ಸ್ವಿಚ್ 1, ಬಾಯಿ 3. ಒಟ್ಟು ಬೊಟ್ಟು 22.

ಹಬ್ಬ ಮುಗಿದು ಕೆಲಸ ಶುರುವಾದ ಮೊದಲ ದಿನವೇ, ಬೆಳಗಿನ ಕಾಫಿಗೆ ಮುಂಚೆ, ಕಿಟಕಿ ಪಕ್ಕದಿಂದ ಕೂಗು: "ಮೇಡಂ! ಲಕ್ಷ್ಮಿ ನಿಂತ್ಬಿಟ್ಳು!"

ಅರ್ಧ ನಿಮಿಷ ಎಲ್ಲ ಸ್ತಬ್ಧ. ಆಮೇಲೆ ತಾನಾಗಿಯೇ ಮುಂದುವರಿಯಿತು. ಸರ್ವರಿನ ದಾಖಲೆಯಲ್ಲಿ ಒಂದು ದಾರಿ ಬಿದ್ದು ಇನ್ನೊಂದು ದಾರಿ ಕೆಲಸ ವಹಿಸಿಕೊಂಡದ್ದು ಕಾಣಿಸಿತು. ಮಧ್ಯಾಹ್ನ ಮತ್ತೆ. ಮರುದಿನ ಎರಡು ಸಲ. ಅದು ಕ್ಯಾಲೆಂಡರ್ ಕಾಲ. ಊರಿನ ಅರ್ಧ ಅಂಗಡಿಗಳ ಹೊಸ ವರ್ಷ ನಮ್ಮ ಹನ್ನೊಂದು ಪರದೆಗಳಲ್ಲಿತ್ತು. ವಾರ ಮುಗಿಯುವ ಹೊತ್ತಿಗೆ ಎಣಿಕೆ ಒಂಬತ್ತು. ಒಂಬತ್ತೂ ಮೇಲಿನ ಕಾರ್ಡ್, ಮೂರೂ ಸರ್ವರಿನಲ್ಲಿ. ಕೆಳಗಿನದು ಸೊನ್ನೆ.

"ಕಾರ್ಡ್ ಸೆಲೆಕ್ಷನ್ನೇ ತಪ್ಪು" ಎಂದರು ಮುಖ್ಯಸ್ಥರು, ಎಲ್ಲರಿಗೂ ಕೇಳುವ ಹಾಗೆ.

ಮಾರುವವರು ಸೋಮವಾರ ಬಂದರು. ತೆಳುವಾದ ಮೀಸೆಯ ಕೆಳಗೆ ಸಣ್ಣ ನಗು. ಆರು ಕಾರ್ಡನ್ನೂ ವಾಪಸ್ ತೆಗೆದುಕೊಂಡು ಜೋಡಿ ಕಾರ್ಡ್ ಕೊಡುತ್ತಾರಂತೆ, ಹಳೆಯ ಸರ್ವರಿಗೆ ಬೇರೆ ಏನಾದರೂ ನೋಡೋಣವಂತೆ. ಬದಲಾಗಿ ಒಂದು ಪತ್ರ ಬೇಕಂತೆ: ಕಾರ್ಡ್‌ಗಳು ದೋಷಪೂರಿತ, ಆಯ್ಕೆ ಸೂಕ್ತವಾಗಿರಲಿಲ್ಲ. ಕೆಳಗೆ ಆಯ್ಕೆ ಮಾಡಿದವರ ಸಹಿ.

ಮಾಲೀಕರು ನನ್ನನ್ನು ಒಳಗೆ ಕರೆದರು. ಒಳ್ಳೆಯ ಮನುಷ್ಯ, ಬೈಯಲಿಲ್ಲ. "ನೋಡಮ್ಮ, ಹೊಸಬರು, ತಪ್ಪಾಗುತ್ತೆ. ಒಂದು ಸಾಲು ಬರೆದ್ಕೊಟ್ರೆ ಅವರು ಬದಲಾಯಿಸ್ತಾರೆ. ನಿನ್ನ ಕನ್ಫರ್ಮೇಷನ್ ಲೆಟರ್ ಟೈಪ್ ಆಗಿ ಕೂತಿದೆ. ಎರಡನ್ನೂ ಒಟ್ಟಿಗೆ ಮುಗಿಸಿಬಿಡೋಣ."

"ಕಾರ್ಡಲ್ಲಿ ದೋಷ ಇದೆ ಅಂತ ಗೊತ್ತಾದ್ರೆ ಬರೀತೀನಿ ಸಾರ್. ಇನ್ನೂ ಗೊತ್ತಾಗಿಲ್ಲ."

"ಒಂಬತ್ತು ಸಲ ನಿಂತಿದೆ. ಇನ್ನೇನು ಗೊತ್ತಾಗ್ಬೇಕು?"

"ಒಂಬತ್ತು ಅಂತ ನಿಮಗೆ ಹೇಳಿದ್ದೂ ನಾನೇ."

ಶನಿವಾರದವರೆಗೆ ಸಮಯ ಕೊಟ್ಟರು.

ಮಂಗಳವಾರ ಊಟದ ಹೊತ್ತಿನಲ್ಲಿ ಪ್ರತಿ ಸರ್ವರಿನಲ್ಲೂ ಮೇಲಿನ ಕಾರ್ಡನ್ನು ಕೆಳಗೆ, ಕೆಳಗಿನದನ್ನು ಮೇಲೆ ಹಾಕಿದೆ. ಕೇಬಲ್‌ಗಳನ್ನು ಮಾತ್ರ ಇದ್ದಲ್ಲೇ ಬಿಟ್ಟೆ. ಕಾರ್ಡ್ ಕೆಟ್ಟಿದ್ದರೆ ತೊಂದರೆಯೂ ಅದರ ಜೊತೆ ಕೆಳಗೆ ಇಳಿಯಬೇಕು. ಗುರುವಾರ ಸಂಜೆಗೆ ಎಣಿಕೆ: ಮೇಲೆ ನಾಲ್ಕು, ಕೆಳಗೆ ಎರಡು. ನೇರವಾದ ಉತ್ತರ ಬರಲಿಲ್ಲ. "ಈಗ ಎರಡೂ ಕಡೆ ಕೆಡಿಸಿದೆಯಲ್ಲಮ್ಮ" ಎಂದರು ಮುಖ್ಯಸ್ಥರು. ಅಂದಿನ ಪುಟದ ಮೂಲೆಯಲ್ಲಿ ಪೆನ್ನು ಒತ್ತಿ ಹಿಡಿದ ಒಂದು ಶಾಯಿಕಲೆ ಇದೆ.

ಶುಕ್ರವಾರ ಬೆಳಿಗ್ಗೆ ಬೇಗ ಬಂದು ಡೈರಿಯನ್ನು ಹಿಂದಕ್ಕೆ ತಿರುಗಿಸುತ್ತ ಹೋದೆ. ತಪ್ಪಿದ್ದು ಶುರುವಾದದ್ದು ಯಾವಾಗ? ಹಬ್ಬ ಮುಗಿದ ಮೊದಲ ದಿನದಿಂದ. ಹಬ್ಬಕ್ಕೆ ಮುಂಚೆ? ಸೊನ್ನೆ. ಹಬ್ಬದ ದಿನ ಏನಾಯಿತು? ಪರದೆ 11, ಸ್ಕ್ಯಾನರ್ 2... ಕೊನೆಯ ಅಂಕಿಯ ಮೇಲೆ ಬೆರಳು ನಿಂತಿತು. ಬಾಯಿ 3.

ಕಿಟಕಿ ಪಕ್ಕದ ಕಲಾವಿದ ಆಗಷ್ಟೇ ಬಂದಿದ್ದ. ಅಚ್ಚಿನ ಬಣ್ಣದ ಚುಕ್ಕೆಗಳನ್ನು ನೋಡಲು ಅವರೆಲ್ಲ ಒಂದು ಪುಟ್ಟ ಭೂತಗನ್ನಡಿ ಇಟ್ಟುಕೊಂಡಿರುತ್ತಾರೆ. ಅದನ್ನು ಕೇಳಿದೆ. ಮೊದಲನೇ ಸರ್ವರ್ ಆಫ್ ಮಾಡಿ, ಮೇಲಿನ ಕೇಬಲ್ಲಿನ ಎರಡು ತುದಿಯನ್ನೂ ಬಿಡಿಸಿ, ತುದಿಯನ್ನು ಬೆಳಕಿಗೆ ಹಿಡಿದು ನೋಡಿದೆ. ಬಿಳಿಯ ಸಣ್ಣ ಕೊಳವೆ, ಅದರ ನಟ್ಟನಡುವೆ ಬೆಳಕು ಹರಿಯುವ ಕೂದಲೆಳೆ. ಎಳೆಯ ಮೇಲೆ ಹಳದಿ ಪದರ, ಪಕ್ಕದಲ್ಲಿ ಒಂದು ಕೆಂಪು ಹರಳು.

"ಏನ್ ಗುರು ಇದು, ಮಂಗಳಾರತಿ ಆಗಿದೆ ಇದಕ್ಕೆ" ಎಂದ ಅವನೂ ಇಣುಕಿ ನೋಡಿ. ಅಚ್ಚರಿಯಲ್ಲಿ ಮೇಡಂ ಹೋಗಿ ಗುರು ಆಗಿದ್ದೆ.

ಒರೆಸಿದ್ದೆನಲ್ಲ? ಒರೆಸಿದ್ದೆ. ಕರ್ಚೀಫು ಹೋಗುವ ಜಾಗವೇ ಅದು? ಅರಿಶಿನ ಇನ್ನಷ್ಟು ಹರಡಿತ್ತು. ಮಂಗಳವಾರ ಅದೇ ತುದಿಗಳನ್ನು ಬೇರೆ ಕಾರ್ಡಿಗೆ ಚುಚ್ಚಿ, ಕೆಳಗೆ ಇಳಿದ ಕಾರ್ಡಿನ ಕಿಂಡಿಯಲ್ಲಿ ಉಳಿದಿದ್ದ ಪುಡಿಯನ್ನು ಕೆಳಗಿನ ದಾರಿಗೂ ಹಂಚಿದ್ದೆ. ಕೆಳಗೆ ಎರಡು ಸಲ ತಪ್ಪಿದ್ದರ ಲೆಕ್ಕ ಅದು. ಮೂಲೆಯ ಕೋಣೆಯಲ್ಲಿ, ಹಿಂದೆ ಪುಟಗಳ ಫಿಲ್ಮ್ ತೆಗೆಯುತ್ತಿದ್ದ, ಈಗ ಯಾರೂ ಮುಟ್ಟದ ಹಳೆಯ ದೊಡ್ಡ ಕ್ಯಾಮೆರಾ ಇತ್ತು. ಅದರ ಡ್ರಾಯರಿನಲ್ಲಿ ಲೆನ್ಸ್ ಒರೆಸುವ ಕಾಗದ, ಪಕ್ಕದಲ್ಲಿ ಸ್ಪಿರಿಟ್ ಬಾಟಲಿ. ಎಲ್ಲ ತುದಿಗಳನ್ನೂ ಕಿಂಡಿಗಳನ್ನೂ ಒಂದೊಂದಾಗಿ ಒರೆಸಿದೆ, ಒಂದು ತುದಿಗೆ ಒಂದು ಹೊಸ ಕಾಗದ. ಭೂತಗನ್ನಡಿಯಲ್ಲಿ ಎಳೆ ಕಪ್ಪು ಚುಕ್ಕೆಯಂತೆ ಚೊಕ್ಕವಾಗಿ ಕಾಣುವವರೆಗೆ. ಶುಕ್ರವಾರ ದಿನವಿಡೀ ಸೊನ್ನೆ. ಶನಿವಾರ ಮಧ್ಯಾಹ್ನದವರೆಗೆ ಸೊನ್ನೆ.

ಮಾಲೀಕರ ಕೋಣೆಯಲ್ಲಿ ಮುಖ್ಯಸ್ಥರೂ ಇದ್ದರು. ನಡೆದದ್ದನ್ನೆಲ್ಲ ಹೇಳಿದೆ. ಒರೆಸಿದ ಕಾಗದಗಳನ್ನು ಮೇಜಿನ ಮೇಲಿಟ್ಟೆ. ಹಳದಿ ಕಲೆ ಎಲ್ಲರಿಗೂ ಕಾಣುತ್ತಿತ್ತು. ಮಾಲೀಕರು ಒಂದು ಕಾಗದ ಎತ್ತಿ ಬೆಳಕಿಗೆ ಹಿಡಿದರು.

"ಅಮ್ಮನ ಕಿವಿಗೆ ಇದು ಬೀಳಬಾರದು" ಎಂದರು. "ಐವತ್ತು ವರ್ಷದಿಂದ ಮಾಡ್ತಿದಾರೆ. ಪೂಜೆಯಿಂದ ಮಿಷನ್ ಕೆಟ್ಟಿತು ಅಂತ ಗೊತ್ತಾದ್ರೆ ಏನಾಗಬೇಡ?"

"ಅದಕ್ಕೇ ಹೇಳೋದು ಸಾರ್" ಎಂದರು ಮುಖ್ಯಸ್ಥರು. "ಕಾರ್ಡ್ ದೋಷ ಅಂತಲೇ ಬರೀಲಿ. ಹೇಗೂ ಸರಿ ಹೋಗಿದೆ. ಯಾರಿಗೂ ನೋವಿಲ್ಲ."

ಯಾರಿಗೂ ನೋವಿಲ್ಲ! ಐದು ವಾರ ಚಪ್ಪಾಳೆ ತಟ್ಟಿದ ಅಂಗೈ ನನ್ನದು. ಆ ಪತ್ರ ಹೋದರೆ ಒಳ್ಳೆಯ ಆರು ಕಾರ್ಡ್ ವಾಪಸ್ ಹೋಗುತ್ತವೆ, ಹಳೆಯ ಸರ್ವರಿನಲ್ಲಿ ಕೂರದ ಕಾರ್ಡ್ ಬರುತ್ತದೆ. ಮುಂದೆ ನಾನು ಅಳೆದು ಹೇಳಿದ ಯಾವ ಅಂಕಿಗೂ ಈ ಕಟ್ಟಡದಲ್ಲಿ ಬೆಲೆ ಇರುವುದಿಲ್ಲ. ಮಾಲೀಕರ ಮೇಜಿನ ಮೇಲಿದ್ದ ಬಿಳಿ ಹಾಳೆಯನ್ನು ಎಳೆದುಕೊಂಡು ನಿಂತೇ ಬರೆದೆ:

"ಆರು ಕಾರ್ಡ್‌ಗಳನ್ನೂ ಪರೀಕ್ಷಿಸಿದ್ದೇನೆ. ಯಾವುದರಲ್ಲೂ ದೋಷ ಇಲ್ಲ. ಮೂರು ಕೇಬಲ್ ತುದಿಗಳಲ್ಲಿ ಕೊಳೆ ಇತ್ತು. ಆ ತುದಿಗಳನ್ನು ಬಿಚ್ಚಿ ತೋರಿಸಿದವಳು ನಾನು, ಸರಿಯಾಗಿ ಒರೆಸದೆ ಮತ್ತೆ ಹಾಕಿದವಳೂ ನಾನು. ಈ ತೊಂದರೆಯಲ್ಲಿ ಜೋಡಿ ಕಾರ್ಡ್ ಇದ್ದಿದ್ದರೂ ಎರಡನೇ ದಾರಿ ನಡೆಯುತ್ತಿತ್ತು. ಆದರೂ ಒಂಟಿ ಕಾರ್ಡ್ ಆರಿಸಿದ ಕಾರಣಗಳು ಹಾಗೆಯೇ ಇವೆ."

ಸಹಿ ಹಾಕಿದೆ. ಮುಖ್ಯಸ್ಥರು ಓದಿ, "ನಿನ್ನ ತಪ್ಪು ಅಂತ ನೀನೇ ಬರ್ಕೊಂಡಿದೀಯಾ. ಇದಕ್ಕಿಂತ ಕಾರ್ಡ್ ತಪ್ಪು ಅನ್ನೋದೇ ಸಲೀಸಾಗಿತ್ತಲ್ಲ" ಎಂದರು.

"ಸಲೀಸಾಗಿತ್ತು ಸಾರ್. ನಿಜ ಆಗಿರ್ಲಿಲ್ಲ."

ಅಮ್ಮನಿಗೆ ಗೊತ್ತಾಗಬಾರದು ಎಂದರೂ ಮಹಡಿ ಮನೆಗೂ ಕಚೇರಿಗೂ ನಡುವೆ ಇದ್ದದ್ದು ಹದಿನೆಂಟು ಮೆಟ್ಟಿಲು. ಸೋಮವಾರ ಅವರೇ ಇಳಿದು ಬಂದು ಸರ್ವರ್ ಕೋಣೆಯ ಬಾಗಿಲಲ್ಲಿ ನಿಂತರು.

"ನನ್ನ ಕೈಯಿಂದ ಆಯ್ತು ಅಂತ ಯಾಕೆ ಬರೀಲಿಲ್ಲ?"

"ತೋರಿಸಿದ್ದು ನಾನು, ಅಮ್ಮ."

"ಇದ್ರೊಳಗೆ ಏನು ಹೋಗುತ್ತೆ ಅಂದ್ರು? ಬೆಳಕಾ?"

"ಹೂಂ. ಬೆಳಕು."

"ಮತ್ತೆ ಬಾಯಿ ಅಂದ್ಯಲ್ಲೇ! ಬೆಳಕು ಹೋಗೋದು ಕಣ್ಣಲ್ಲಿ. ದೇವರ ಕಣ್ಣಿಗೆ ಯಾರಾದ್ರೂ ಕುಂಕುಮ ಹಾಕ್ತಾರಾ? ಐದು ವಾರ ನೋಡಿದಾಳಂತೆ, ಇಷ್ಟು ತಿಳೀಲಿಲ್ಲ."

ಅವರಿಗೆ ಏನೂ ಆಗಲಿಲ್ಲ. ಬೈದು, ಮೆಟ್ಟಿಲಲ್ಲಿ ಎರಡು ಕಡೆ ನಿಂತು ಸುಧಾರಿಸಿಕೊಂಡು ಮೇಲೆ ಹೋದರು.

ಕಾರ್ಡ್‌ಗಳು ವಾಪಸ್ ಹೋಗಲಿಲ್ಲ. ಟೈಪ್ ಆಗಿ ಕೂತಿದ್ದ ನನ್ನ ಪತ್ರವೂ ಆ ದೀಪಾವಳಿಗೆ ಬರಲಿಲ್ಲ. ಪ್ರೊಬೇಷನ್ ಇನ್ನೂ ಆರು ತಿಂಗಳು ವಿಸ್ತರಣೆ. ಕಾರಣ, "ಉಪಕರಣಗಳ ನಿರ್ವಹಣೆಯಲ್ಲಿ ಅಜಾಗರೂಕತೆ". ಅದಕ್ಕೆ ಆಧಾರ ನಾನೇ ಬರೆದುಕೊಟ್ಟ ಹಾಳೆ. ಓದಿ, ಸ್ವೀಕರಿಸಿದ್ದೇನೆ ಎಂದು ಸಹಿ ಮಾಡಿದೆ. ಅಜಾಗರೂಕತೆ ನಿಜ. ಅದಕ್ಕೆ ಆರು ತಿಂಗಳು ಕೊಡುತ್ತೇನೆ, ಕಾರ್ಡಿಗೆ ಒಂದು ಅಕ್ಷರವನ್ನೂ ಕೊಡುವುದಿಲ್ಲ ಎಂದು ಮುಖ್ಯಸ್ಥರಿಗೆ ಹೇಳಿದೆ.

ಸರ್ವರ್ ಕೋಣೆಗೆ ಬಂದು ದಾಖಲೆ ತೆರೆದು ನೋಡಿದೆ. ಹೊರಗೆ ಹನ್ನೊಂದು ಜನ ಹೊಸ ವರ್ಷದ ಹನ್ನೆರಡು ಹಾಳೆಗಳ ಮೇಲೆ ಕೂತಿದ್ದರು. ಲಕ್ಷ್ಮಿ ತೆರೆದುಕೊಳ್ಳುತ್ತಿದ್ದಳು, ಯಾರೂ ಕೂಗುತ್ತಿರಲಿಲ್ಲ. ಆ ದಿನದ ಪುಟದ ಎಡಗಡೆ ಸಮಯ ಬರೆದೆ. ಬಲಗಡೆ: ಕಾರ್ಡ್ 6. ದಾರಿ ತಪ್ಪಿದ್ದು 0. ದೋಷ ಇಲ್ಲ.